ಮಣ್ಣಿನೊಳಗಣ ಮದ್ದು

ಪೀಠಿಕೆ

ಮೈಸೂರು ನಗರದ ಆಗ್ನೇಯಕ್ಕೆ, ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮಿಗಿಲಾದ ಎತ್ತರಕ್ಕೆ ಚಾಮುಂಡಿ ಬೆಟ್ಟವು ನಿಂತಿದೆ. 17ನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದರೆಂದು ಹೇಳಲಾಗುವ ಅದರ ಮೆಟ್ಟಿಲುಗಳು ಸಾವಿರವನ್ನು ಮೀರುತ್ತವೆ. ಆಷಾಢದ ಶುಕ್ರವಾರಗಳಂದು ಈ ಮೆಟ್ಟಿಲುಗಳಿಗೆ ಅರಿಸಿನ ಕುಂಕುಮ ಹಚ್ಚುತ್ತ, ಜಿನುಗುವ ಮಳೆಯಲ್ಲಿ ನೆನೆಯುತ್ತ, ಬರಿಗಾಲಿನಲ್ಲಿ ಬೆಟ್ಟವೇರುವ ತಾಯಂದಿರನ್ನು ನೀವು ಕಂಡಿರಬಹುದು. ಬಿಸಿಲಿಗೆ ಕಾದ ನೆಲದ ಮೇಲೆ ಮಳೆಯ ಹನಿ ಬಿದ್ದೊಡನೆ ಏಳುವ ಕಂಪನ್ನಂತೂ ಅರಿಯದವರಿಲ್ಲ. ಆ ಕಂಪು ಬರಿಯ ಮಣ್ಣಿನದಲ್ಲ. ಮಣ್ಣಿನಲ್ಲಿ ವಾಸಿಸುವ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ರಾಸಾಯನಿಕ ವಸ್ತುವು ಅದಕ್ಕೆ ಒಂದು ಮುಖ್ಯ ಕಾರಣ.

ಇದೇ ಸ್ಟ್ರೆಪ್ಟೊಮೈಸಿಸ್ ಕುಲದ ಜೀವಿಗಳಿಂದ ಮಾನವನಿಗೆ ಇನ್ನೊಂದು ಉಪಕಾರವೂ ಆಗಿದೆ. ಹಸುಳೆಯ ಬಾಯಲ್ಲಿ ಕಾಣುವ ಬಿಳಿಯ ಪದರಕ್ಕೂ, ಆಸ್ಪತ್ರೆಯಲ್ಲಿ ಪ್ರಾಣಕ್ಕೆ ಸಂಚಕಾರ ತರುವ ಶಿಲೀಂಧ್ರ ಸೋಂಕಿಗೂ ವೈದ್ಯರು ಕೊಡುವ ಕೆಲವು ಮುಖ್ಯ ಔಷಧಗಳು ಮೊದಲು ದೊರೆತದ್ದು ಈ ಜೀವಿಗಳಿಂದಲೇ. ಇಂತಹ ಔಷಧಗಳನ್ನು ಮಣ್ಣಿನಿಂದ ಹೇಗೆ ಶೋಧಿಸುತ್ತಾರೆ, ಅವು ಏಕೆ ಇಷ್ಟು ವಿರಳ, ವಿರಳವಾದ ಈ ಮದ್ದನ್ನು ಮನೆಯವರು ಹೇಗೆ ಕಾಪಾಡಿಕೊಳ್ಳಬೇಕು ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಶಿಲೀಂಧ್ರಗಳೆಂದರೇನು?

ಹಳಸಿದ ರೊಟ್ಟಿಯ ಮೇಲಿನ ಬೂಷ್ಟು, ಮಳೆಗಾಲದಲ್ಲಿ ಏಳುವ ಅಣಬೆ, ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್, ಇವೆಲ್ಲವೂ ಶಿಲೀಂಧ್ರಗಳೇ. ಇವು ಸಸ್ಯಗಳೂ ಅಲ್ಲ, ಪ್ರಾಣಿಗಳೂ ಅಲ್ಲ. ತಮ್ಮದೇ ಆದ ಒಂದು ಜೀವಸಾಮ್ರಾಜ್ಯಕ್ಕೆ ಸೇರಿದವು. ಇವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಕೆಲವು ಮಾತ್ರ ನಮ್ಮ ದೇಹದಲ್ಲಿ ರೋಗವನ್ನುಂಟುಮಾಡುತ್ತವೆ.

ನಾವು ಹುಳುಕಡ್ಡಿ ಅಥವಾ ಗಜಕರ್ಣವೆಂದು ಕರೆಯುವ ಚರ್ಮರೋಗವನ್ನು ಉಂಟುಮಾಡುವುದು ಯಾವ ಹುಳುವೂ ಅಲ್ಲ, ಒಂದು ಬಗೆಯ ಶಿಲೀಂಧ್ರ. ನೀರಿನಲ್ಲಿಯೂ ಕೆಸರಿನಲ್ಲಿಯೂ ದುಡಿಯುವವರ ಕಾಲ್ಬೆರಳ ಸಂದುಗಳಲ್ಲಿ ಚರ್ಮ ಬಿಳಿಚಿ ಬಿರಿಯುವುದಕ್ಕೂ ಅನೇಕ ವೇಳೆ ಶಿಲೀಂಧ್ರವೇ ಕಾರಣ. ಕ್ಯಾಂಡಿಡಾ ಎಂಬ ಇನ್ನೊಂದು ಶಿಲೀಂಧ್ರವು ಆರೋಗ್ಯವಂತರ ಬಾಯಿ, ಕರುಳು, ಯೋನಿಗಳಲ್ಲಿಯೂ ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಅಲ್ಲಿಯೇ ಇರುವ ಉಪಕಾರಿ ಬ್ಯಾಕ್ಟೀರಿಯಗಳು ಅದನ್ನು ಹದ್ದುಬಸ್ತಿನಲ್ಲಿಡುತ್ತವೆ. ಸಕ್ಕರೆ ಕಾಯಿಲೆ, ಗರ್ಭಾವಸ್ಥೆ, ದೇಹದ ನಿಶ್ಶಕ್ತಿ, ಅಥವಾ ಪ್ರತಿಜೀವಕ ಔಷಧಗಳ ದೀರ್ಘ ಸೇವನೆಯಿಂದ ಈ ಸಮತೋಲ ಕೆಟ್ಟಾಗ ಕ್ಯಾಂಡಿಡಾ ಹೆಚ್ಚಿ ತೊಂದರೆ ಕೊಡುತ್ತದೆ. ಮಗುವಿನ ನಾಲಿಗೆಯ ಮೇಲೆ ಮೊಸರು ಅಂಟಿದಂತೆ ಕಾಣುವ ಪದರವೂ, ಸ್ತ್ರೀಯರಲ್ಲಿ ತುರಿಕೆಯೊಡನೆ ಗಟ್ಟಿಯಾಗಿ ಹೋಗುವ ಬಿಳಿ ಸೆರಗೂ ಬಹಳ ಮಟ್ಟಿಗೆ ಇದರ ಫಲ.

ಶಿಲೀಂಧ್ರವನ್ನು ಕೊಲ್ಲುವುದು ಏಕೆ ಕಷ್ಟ?

ಬ್ಯಾಕ್ಟೀರಿಯದ ಜೀವಕೋಶಕ್ಕೂ ಮನುಷ್ಯನ ಜೀವಕೋಶಕ್ಕೂ ಬಹಳ ಅಂತರವಿದೆ. ಆದುದರಿಂದ ನಮಗೆ ಹಾನಿಯಾಗದಂತೆ ಬ್ಯಾಕ್ಟೀರಿಯವನ್ನು ಮಾತ್ರ ನಾಶಮಾಡುವ ಔಷಧಗಳು ಹಲವು ದೊರೆತಿವೆ. ಶಿಲೀಂಧ್ರದ ಸಂಗತಿ ಹಾಗಲ್ಲ. ಅದರ ಜೀವಕೋಶವು ರಚನೆಯಲ್ಲಿ ನಮ್ಮ ಜೀವಕೋಶವನ್ನೇ ಹೋಲುತ್ತದೆ. ಪೈರಿನ ನಡುವೆ ಪೈರಿನಂತೆಯೇ ಕಾಣುವ ಕಳೆ ಬೆಳೆದಾಗ ರೈತನಿಗೆ ಕೀಳುವುದು ಎಷ್ಟು ಕಷ್ಟವೋ, ಶಿಲೀಂಧ್ರವನ್ನು ಮಾತ್ರ ಆರಿಸಿ ಕೊಲ್ಲುವುದು ವೈದ್ಯನಿಗೆ ಅಷ್ಟೇ ಕಷ್ಟ.

ಆದರೂ ಕೆಲವು ವ್ಯತ್ಯಾಸಗಳುಂಟು. ನಮ್ಮ ಕೋಶಪೊರೆಯಲ್ಲಿ ಕೊಲೆಸ್ಟರಾಲ್ ಇದ್ದರೆ, ಶಿಲೀಂಧ್ರದ ಕೋಶಪೊರೆಯಲ್ಲಿ ಅದರ ಬದಲಿಗೆ ಎರ್ಗೋಸ್ಟೆರಾಲ್ ಎಂಬ ವಸ್ತುವಿದೆ. ಶಿಲೀಂಧ್ರದ ಕೋಶಕ್ಕೆ ಪೊರೆಯ ಹೊರಗೆ ಗಟ್ಟಿಯಾದ ಭಿತ್ತಿಯೊಂದಿದೆ. ನಮ್ಮ ಕೋಶಕ್ಕೆ ಅದಿಲ್ಲ. ಶಿಲೀಂಧ್ರನಾಶಕಗಳಲ್ಲಿ ಹೆಚ್ಚಿನವು ಈ ಎರಡು ಕಡೆಗಳಲ್ಲಿ ಒಂದನ್ನು ಹಿಡಿದು ಕೆಲಸಮಾಡುತ್ತವೆ. ದೇಹದ ಒಳಗಿನ ತೀವ್ರ ಸೋಂಕುಗಳಿಗೆ ಬಳಸುವ ಔಷಧಗಳ ಮುಖ್ಯ ವರ್ಗಗಳು ಇಂದಿಗೂ ಕೇವಲ 4. ಇವುಗಳಲ್ಲಿ 2 ವರ್ಗಗಳ ಮೂಲವು ಸೂಕ್ಷ್ಮಜೀವಿಗಳಲ್ಲಿದೆ.

ಆರೋಗ್ಯ ಇಲಾಖೆಯ ಇಬ್ಬರು ಮಹಿಳೆಯರು

1928ರಲ್ಲಿ ಪೆನಿಸಿಲಿನ್, 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಶೋಧಿಸಲ್ಪಟ್ಟವು. ಇವು ಬಳಕೆಗೆ ಬಂದು ಅಸಂಖ್ಯಾತ ರೋಗಿಗಳು ಬದುಕಿಕೊಂಡರು. ಆದರೆ ಬ್ಯಾಕ್ಟೀರಿಯಗಳು ನಾಶವಾದ ಕಡೆಯಲ್ಲಿ ಶಿಲೀಂಧ್ರಗಳು ತಲೆಯೆತ್ತತೊಡಗಿದವು. ಅವುಗಳಿಗೆ ಸುರಕ್ಷಿತವಾದ ಮದ್ದು ಆಗ ಇರಲಿಲ್ಲ.

ಈ ಕೊರತೆಯನ್ನು ನೀಗಿಸಲು ಮುಂದಾದವರು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಪ್ರಯೋಗಶಾಲೆಗಳಲ್ಲಿದ್ದ ಇಬ್ಬರು ಮಹಿಳೆಯರು. ಸೂಕ್ಷ್ಮಜೀವಿ ತಜ್ಞೆ ಎಲಿಜಬೆತ್ ಹೇಜನ್ ನ್ಯೂಯಾರ್ಕ್ ನಗರದಲ್ಲಿದ್ದರು. ರಸಾಯನ ತಜ್ಞೆ ರೇಚಲ್ ಬ್ರೌನ್ ಸುಮಾರು 240 ಕಿಲೋಮೀಟರ್ ದೂರದ ಆಲ್ಬನಿಯಲ್ಲಿದ್ದರು. ಹೇಜನ್ ಮಣ್ಣಿನ ಮಾದರಿಗಳಿಂದ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿ, ಶಿಲೀಂಧ್ರಗಳನ್ನು ತಡೆಯುವಂಥವನ್ನು ಆರಿಸಿ, ಗಾಜಿನ ಜಾಡಿಗಳಲ್ಲಿಟ್ಟು ಅಂಚೆಯ ಮೂಲಕ ಆಲ್ಬನಿಗೆ ಕಳುಹಿಸುವರು. ಬ್ರೌನ್ ಅದರಲ್ಲಿರುವ ಸಕ್ರಿಯ ವಸ್ತುವನ್ನು ಶುದ್ಧಗೊಳಿಸಿ ಮತ್ತೆ ಅಂಚೆಯಲ್ಲಿಯೇ ಹಿಂದಿರುಗಿಸುವರು. ಹೇಜನ್ ಅದರ ಶಕ್ತಿಯನ್ನೂ ವಿಷಗುಣವನ್ನೂ ಪರೀಕ್ಷಿಸುವರು. ಅನೇಕ ವಸ್ತುಗಳು ಶಿಲೀಂಧ್ರವನ್ನು ಕೊಂದವು. ಆದರೆ ಪ್ರಯೋಗದ ಪ್ರಾಣಿಯನ್ನೂ ಕೊಂದವು. ಅವನ್ನೆಲ್ಲ ಕೈಬಿಡಬೇಕಾಯಿತು.

ಕೊನೆಗೆ ವರ್ಜೀನಿಯ ರಾಜ್ಯದಲ್ಲಿ ಹೇಜನ್ ಅವರ ಪರಿಚಿತರ ಹೈನು ಜಮೀನಿನಿಂದ ತಂದ ಮಣ್ಣಿನಲ್ಲಿ ಬೇಕಾದ ಜೀವಿ ದೊರೆಯಿತು. ಆ ಜಮೀನಿನ ನೌರ್ಸ್ ಮನೆತನದ ನೆನಪಿಗಾಗಿ ಅದಕ್ಕೆ ಸ್ಟ್ರೆಪ್ಟೊಮೈಸಿಸ್ ನೌರ್ಸಿಯೈ ಎಂದು ಹೆಸರಿಟ್ಟರು. ಅದು ತಯಾರಿಸುವ ಔಷಧವನ್ನು 1950ರಲ್ಲಿ ಪ್ರಕಟಪಡಿಸಿದರು. ನ್ಯೂಯಾರ್ಕ್ ಸ್ಟೇಟ್ ಎಂಬ ಹೆಸರಿನಿಂದಲೇ ಅದಕ್ಕೆ ನಿಸ್ಟಾಟಿನ್ ಎಂಬ ಹೆಸರು ಬಂದಿತು. ನಿಸ್ಟಾಟಿನ್ ಶಿಲೀಂಧ್ರದ ಪೊರೆಯಲ್ಲಿನ ಎರ್ಗೋಸ್ಟೆರಾಲ್‌ಗೆ ಅಂಟಿಕೊಂಡು ಪೊರೆಯನ್ನು ಕೆಡಿಸುತ್ತದೆ. ಒಳಗಿನ ಸತ್ತ್ವವು ಸೋರಿಹೋಗಿ ಶಿಲೀಂಧ್ರವು ಸಾಯುತ್ತದೆ. ಈ ಔಷಧದ ಹಕ್ಕಿನಿಂದ ಬಂದ 1 ಕೋಟಿ 30 ಲಕ್ಷ ಡಾಲರಿಗೂ ಹೆಚ್ಚಿನ ಹಣದಲ್ಲಿ ಈ ಇಬ್ಬರೂ ತಮಗೆಂದು ಏನನ್ನೂ ಇಟ್ಟುಕೊಳ್ಳದೆ ವಿಜ್ಞಾನದ ಕಾರ್ಯಗಳಿಗೇ ಮೀಸಲಿಟ್ಟರು. ಸಾರ್ವಜನಿಕ ಆರೋಗ್ಯ ಇಲಾಖೆಯ ಪ್ರಯೋಗಶಾಲೆಯೊಂದರಲ್ಲಿ ನಡೆದ ಈ ಕೆಲಸವನ್ನು ಆರೋಗ್ಯ ಕಾರ್ಯಕರ್ತರೆಲ್ಲರೂ ನೆನೆಯತಕ್ಕದ್ದು.

ಕೆಲವೇ ವರ್ಷಗಳ ಬಳಿಕ, 1950ರ ದಶಕದ ಮಧ್ಯದಲ್ಲಿ, ದಕ್ಷಿಣ ಅಮೆರಿಕದ ವೆನೆಜುವೆಲ ದೇಶದ ಒರಿನೊಕೊ ನದಿಯ ಪ್ರದೇಶದ ಮಣ್ಣಿನಲ್ಲಿದ್ದ ಸ್ಟ್ರೆಪ್ಟೊಮೈಸಿಸ್ ನೋಡೋಸಸ್ ಎಂಬ ಜೀವಿಯಿಂದ ಆಂಫೊಟೆರಿಸಿನ್-ಬಿ ದೊರೆಯಿತು. ನಿಸ್ಟಾಟಿನನ್ನು ರಕ್ತಕ್ಕೆ ಸೇರಿಸುವಂತಿರಲಿಲ್ಲ. ಆಂಫೊಟೆರಿಸಿನ್-ಬಿ ಔಷಧವನ್ನು ರಕ್ತನಾಳದ ಮೂಲಕ ಕೊಡಬಹುದಾದ್ದರಿಂದ ದೇಹದ ಒಳಗಿನ ಮಾರಕ ಸೋಂಕುಗಳಿಗೂ ಚಿಕಿತ್ಸೆ ಸಾಧ್ಯವಾಯಿತು.

ಮೈಸೂರು ಸೀಮೆಯ ವಿಜ್ಞಾನಿ, ಪಿಂಪ್ರಿಯ ಪ್ರಯೋಗಶಾಲೆ

ಈ ಶೋಧನೆಯಲ್ಲಿ ನಮ್ಮ ನಾಡಿನವರ ಪಾಲೂ ಇದೆ. ಡಾ. ಎಂ. ಜೆ. ತಿರುಮಲಾಚಾರ್ ಅವರು ಮೈಸೂರು ಸೀಮೆಯವರು. ಅವರ ಆರಂಭದ ಅಭ್ಯಾಸವು ಈ ಸೀಮೆಯ ಗಿಡಮರಗಳಿಗೆ ತುಕ್ಕು ರೋಗ, ಕಾಡಿಗೆ ರೋಗಗಳನ್ನು ತರುವ ಶಿಲೀಂಧ್ರಗಳನ್ನು ಕುರಿತದ್ದಾಗಿತ್ತು. ಶಿಲೀಂಧ್ರದ ಬಾಳನ್ನು ಹೀಗೆ ಬಲ್ಲವರಾದ ಅವರು ಮುಂದೆ ಪುಣೆಯ ಸಮೀಪದ ಪಿಂಪ್ರಿಯಲ್ಲಿರುವ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಕಾರ್ಖಾನೆಯ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ನೆರವಿನಿಂದ ಭಾರತ ಸರ್ಕಾರವು 1954ರಲ್ಲಿ ಸ್ಥಾಪಿಸಿದ ಈ ಕಾರ್ಖಾನೆಯು, ಪ್ರತಿಜೀವಕಗಳು ದೇಶದಲ್ಲಿಯೇ ತಯಾರಾಗಿ ಬಡವರಿಗೂ ಎಟುಕಬೇಕೆಂಬ ಧ್ಯೇಯದಿಂದ ಹುಟ್ಟಿದುದು.

1961ರಲ್ಲಿ ತಿರುಮಲಾಚಾರ್ ಮತ್ತು ಅವರ ಸಹೋದ್ಯೋಗಿಗಳು ಹಾಮೈಸಿನ್ ಎಂಬ ಹೊಸ ಶಿಲೀಂಧ್ರನಾಶಕವನ್ನು ವರದಿ ಮಾಡಿದರು. ಅದನ್ನು ತಯಾರಿಸುವ ಜೀವಿಗೆ ಪಿಂಪ್ರಿಯ ಹೆಸರನ್ನೇ ಸೇರಿಸಿ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂದು ಕರೆದರು. ನಿಸ್ಟಾಟಿನ್ ಇರುವ ವರ್ಗಕ್ಕೇ ಸೇರಿದ ಈ ಔಷಧವನ್ನು ಬಾಯಿಯ ಹಾಗೂ ಯೋನಿಯ ಕ್ಯಾಂಡಿಡಾ ಸೋಂಕುಗಳ ಚಿಕಿತ್ಸೆಯಲ್ಲಿ ಬಳಸಲಾಯಿತು. ಅದೇ ಪ್ರಯೋಗಶಾಲೆಯಿಂದ ಡರ್ಮೊಸ್ಟಾಟಿನ್ ಎಂಬ ಔಷಧವೂ, 1964ರಲ್ಲಿ ಆರಿಯೊಫಂಗಿನ್ ಎಂಬುದೂ ಹೊರಬಂದವು. ಆರಿಯೊಫಂಗಿನ್ ಬೆಳೆಗಳ ಶಿಲೀಂಧ್ರ ರೋಗಗಳಿಗೆ ಉಪಯೋಗವಾಯಿತು. ಹೊರದೇಶದ ಮಣ್ಣಿನಲ್ಲಿ ಮಾತ್ರವಲ್ಲ, ನಮ್ಮ ಕಾಲಡಿಯ ಮಣ್ಣಿನಲ್ಲಿಯೂ ಮದ್ದು ಇದೆಯೆಂಬುದನ್ನು ಈ ಕೆಲಸವು ತೋರಿಸಿಕೊಟ್ಟಿತು.

ಒಂದು ಚಮಚ ಮಣ್ಣಿನಿಂದ ಮದ್ದಿನವರೆಗೆ

ಈಗ ಶೋಧನೆಯ ಕ್ರಮವನ್ನು ನೋಡೋಣ. ಉದಾಹರಣೆಗೆ, ಚಾಮುಂಡಿ ಬೆಟ್ಟದ ಕುರುಚಲು ಕಾಡಿನ ಒಂದು ಮರದ ಬುಡದಿಂದ ಸಂಶೋಧಕನೊಬ್ಬನು ಮಣ್ಣಿನ ಮಾದರಿಯನ್ನು ತೆಗೆದನೆಂದು ಇಟ್ಟುಕೊಳ್ಳಿ. ಬೆಟ್ಟದ ಕಾಡು ರಕ್ಷಿತ ಅರಣ್ಯವಾದುದರಿಂದ ಅವನು ಮೊದಲು ಅರಣ್ಯ ಇಲಾಖೆಯ ಅನುಮತಿಯನ್ನು ಪಡೆದಿರಬೇಕು. ನಾಡಿನ ಜೀವಸಂಪತ್ತು ಪರರ ಸ್ವತ್ತಾಗದಂತೆ ಕಾಪಾಡಲು 2002ರ ಜೀವವೈವಿಧ್ಯ ಕಾಯಿದೆಯೂ ಇದೆ.

ಮೊದಲನೆಯ ಹಂತ: ಮೇಲಿನ ತರಗೆಲೆಯನ್ನು ಸರಿಸಿ, ಸುಮಾರು ಗೇಣುದ್ದದೊಳಗಿನ ಆಳದಿಂದ ಶುದ್ಧವಾದ ಚಮಚದಲ್ಲಿ ಮಣ್ಣನ್ನು ತೆಗೆದು, ಸ್ಥಳ ಮತ್ತು ದಿನಾಂಕವನ್ನು ಬರೆದಿಡುತ್ತಾರೆ. ಆ ಮಣ್ಣನ್ನು ಕೆಲವು ದಿನ ನೆರಳಿನಲ್ಲಿ ಒಣಗಿಸುತ್ತಾರೆ. ಒಣಗಿದಾಗ ಸಾಮಾನ್ಯ ಬ್ಯಾಕ್ಟೀರಿಯಗಳಲ್ಲಿ ಹಲವು ಸಾಯುತ್ತವೆ. ಸ್ಟ್ರೆಪ್ಟೊಮೈಸಿಸ್ ಜೀವಿಗಳು ಬೀಜಕಣಗಳ ರೂಪದಲ್ಲಿ ಬರಗಾಲವನ್ನು ತಾಳುವಂಥವಾದ್ದರಿಂದ ಉಳಿದುಕೊಳ್ಳುತ್ತವೆ.

ಎರಡನೆಯ ಹಂತ: ಒಂದು ಗ್ರಾಂ ಫಲವತ್ತಾದ ಮಣ್ಣಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರುತ್ತವೆ. ಅವನ್ನು ಬಿಡಿಬಿಡಿಯಾಗಿ ಕಾಣಬೇಕಾದರೆ ಮಣ್ಣನ್ನು ಶುದ್ಧ ನೀರಿನಲ್ಲಿ ಕದಡಿ, ಆ ನೀರಿನ 1 ಭಾಗಕ್ಕೆ 9 ಭಾಗ ನೀರು ಸೇರಿಸಿ, ಹಾಗೆ ಸೇರಿಸಿದುದರಲ್ಲಿ ಮತ್ತೆ 1 ಭಾಗಕ್ಕೆ 9 ಭಾಗ ಸೇರಿಸುತ್ತ ಹಲವು ಬಾರಿ ತೆಳುವಾಗಿಸಬೇಕು. ಕೊನೆಯ ಹನಿಗಳನ್ನು, ಗಂಜಿಯ ಸತ್ತ್ವ ಬೆರೆಸಿ ಹೆಪ್ಪುಗಟ್ಟಿಸಿದ ಅಗರ್ ಎಂಬ ಆಹಾರದ ತಟ್ಟೆಗಳ ಮೇಲೆ ಹರಡುತ್ತಾರೆ. ಒಂದೆರಡು ವಾರಗಳಲ್ಲಿ ಸೀಮೆಸುಣ್ಣದ ಪುಡಿ ಎರಚಿದಂತೆ ಒಣಗಿದ, ಬಿಳಿ ಅಥವಾ ಬೂದು ಬಣ್ಣದ ಚುಕ್ಕೆಗಳು ಮೂಡುತ್ತವೆ. ತಟ್ಟೆಯ ಮುಚ್ಚಳ ತೆರೆದರೆ ಮೊದಲ ಮಳೆಯ ಕಂಪು ಬರುತ್ತದೆ.

ಮೂರನೆಯ ಹಂತ: ಹೊಸ ತಟ್ಟೆಯೊಂದರ ನಡುವೆ ಈ ಜೀವಿಯನ್ನು ಗೆರೆಯಾಗಿ ಬೆಳೆಸಿ, ಅದರ ಬದಿಗಳಲ್ಲಿ ಕ್ಯಾಂಡಿಡಾ ಮೊದಲಾದ ರೋಗಕಾರಕ ಶಿಲೀಂಧ್ರಗಳನ್ನು ಅಡ್ಡಗೆರೆಗಳಾಗಿ ಬಿತ್ತುತ್ತಾರೆ. ಜೀವಿಯು ಶಿಲೀಂಧ್ರನಾಶಕವನ್ನು ಒಸರುತ್ತಿದ್ದರೆ, ಶಿಲೀಂಧ್ರವು ಅದರ ಬಳಿ ಸುಳಿಯದೆ ದೂರವೇ ನಿಂತುಬಿಡುತ್ತದೆ. ನಡುವೆ ಉಳಿದ ಬರಿಯ ಜಾಗವೇ ಸಂಶೋಧಕನಿಗೆ ದೊರೆತ ಮೊದಲ ಶುಭಸೂಚನೆ. ಮಣ್ಣಿನಲ್ಲಿ ಸಾಸಿವೆಯಷ್ಟು ಆಹಾರಕ್ಕೂ ಪೈಪೋಟಿಯಿದೆ. ನೆರೆಯ ಜೀವಿಯನ್ನು ತಡೆಯಬಲ್ಲ ವಸ್ತುವು ಅಲ್ಲಿ ಆಯುಧವಾಗಿ ಒದಗುತ್ತದೆ.

ನಾಲ್ಕನೆಯ ಹಂತ: ಆ ಜೀವಿಯನ್ನು ದ್ರವಾಹಾರದಲ್ಲಿ ಬೆಳೆಸಿ, ಅದರಿಂದ ಸಕ್ರಿಯ ವಸ್ತುವನ್ನು ಬೇರ್ಪಡಿಸಿ ಶುದ್ಧಗೊಳಿಸುತ್ತಾರೆ. ಇದು ಹಿಂದೆಯೇ ಗೊತ್ತಿರುವ ವಸ್ತುವೋ ಹೊಸದೋ ಎಂದು ಇಲ್ಲಿ ನಿರ್ಧರಿಸಬೇಕು. ಹೆಚ್ಚಿನ ಪ್ರಯತ್ನಗಳು ನಿರಾಸೆಯಲ್ಲಿ ಮುಗಿಯುವುದು ಈ ಹಂತದಲ್ಲಿಯೇ. ಏಕೆಂದರೆ ಹಳೆಯ ವಸ್ತುಗಳೇ ಮತ್ತೆ ಮತ್ತೆ ದೊರೆಯುತ್ತವೆ.

ಐದನೆಯ ಹಂತ: ವಸ್ತುವು ಹೊಸದಾಗಿದ್ದರೆ ಮನುಷ್ಯನ ಜೀವಕೋಶಗಳ ಮೇಲೆ, ಆಮೇಲೆ ಪ್ರಾಣಿಗಳ ಮೇಲೆ, ಎಲ್ಲವೂ ಸುರಕ್ಷಿತವೆನಿಸಿದರೆ ಮಾತ್ರ ಒಪ್ಪಿಗೆಯಿತ್ತ ಮನುಷ್ಯರ ಮೇಲೆ ಅದನ್ನು ಪರೀಕ್ಷಿಸುತ್ತಾರೆ. ಇದಕ್ಕೆ ವರ್ಷಗಳೇ ಹಿಡಿಯುತ್ತವೆ. ತಟ್ಟೆಯಲ್ಲಿ ಶಿಲೀಂಧ್ರವನ್ನು ತಡೆದದ್ದೆಲ್ಲ ಔಷಧವಾಗುವುದಿಲ್ಲ.

ಬೆಟ್ಟದ ಕೆಳಗಿನ ನಗರದಲ್ಲಿಯೇ, ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ, ಮಣ್ಣಿನ ಸೂಕ್ಷ್ಮಜೀವಿಗಳನ್ನೂ, ಗಿಡಗಳ ಅಂಗಾಂಶದೊಳಗೆ ಅವಕ್ಕೆ ತೊಂದರೆ ಕೊಡದೆ ವಾಸಿಸುವ ಸೂಕ್ಷ್ಮಜೀವಿಗಳನ್ನೂ ಈ ರೀತಿಯಲ್ಲಿ ಪರೀಕ್ಷಿಸುವ ಅಧ್ಯಯನಗಳು ನಡೆದಿವೆ.

ಹೊಸ ಮದ್ದು ಈಗಲೂ ಏಕೆ ಬೇಕು?

ಇರುವ ಔಷಧಗಳು ಸಾಲವೇ ಎಂದು ನೀವು ಕೇಳಬಹುದು. ಸಾಲವು. 2021ರಲ್ಲಿ ಕೋವಿಡ್ ಪಿಡುಗಿನ ಎರಡನೆಯ ಅಲೆಯೊಡನೆ, ಜನರು ಕಪ್ಪು ಶಿಲೀಂಧ್ರವೆಂದು ಕರೆದ ಮ್ಯೂಕರ್‌ಮೈಕೋಸಿಸ್ ರೋಗವು ಹಬ್ಬಿದುದನ್ನು ನೆನೆಯಿರಿ. ಮುಖ್ಯವಾಗಿ ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯವರನ್ನೂ, ಸ್ಟೀರಾಯ್ಡ್ ಔಷಧ ಪಡೆದವರನ್ನೂ ಅದು ಹಿಡಿಯಿತು. ಅನೇಕರು ಕಣ್ಣನ್ನು ಕಳೆದುಕೊಂಡರು, ಅನೇಕರು ಪ್ರಾಣವನ್ನೇ ಕಳೆದುಕೊಂಡರು. ಶಸ್ತ್ರಚಿಕಿತ್ಸೆಯೊಡನೆ ಅದಕ್ಕೆ ಮುಖ್ಯ ಔಷಧವಾಗಿದ್ದುದು ಒರಿನೊಕೊ ತೀರದ ಮಣ್ಣಿನಿಂದ ಬಂದ ಅದೇ ಆಂಫೊಟೆರಿಸಿನ್-ಬಿ. ದೇಶದಾದ್ಯಂತ ಅದರ ಅಭಾವ ಉಂಟಾಗಿ, ರೋಗಿಗಳ ಮನೆಯವರು ಔಷಧವನ್ನು ಅರಸಿ ಊರೂರು ಅಲೆದರು.

ಇನ್ನೊಂದು ಕಾರಣವು ನಮ್ಮ ಮನೆಗಳೊಳಗೇ ಇದೆ. ಕೆಲವು ವರ್ಷಗಳ ಹಿಂದೆ ಒಂದು ಮುಲಾಮಿನಿಂದ ವಾಸಿಯಾಗುತ್ತಿದ್ದ ಹುಳುಕಡ್ಡಿಯು ಈಗ ಅನೇಕರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಮೈಯೆಲ್ಲ ಹರಡುತ್ತದೆ, ವಾಸಿಯಾದಂತೆ ತೋರಿ ಮರಳುತ್ತದೆ. ಭಾರತದಲ್ಲಿ ವ್ಯಾಪಕವಾಗಿ ಕಂಡುಬಂದ ಇಂತಹ ಒಂದು ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೇ ಎಂಬ ಹೆಸರೇ ಬಂದಿದೆ. ಹುಳುಕಡ್ಡಿಗೆ ಸಾಮಾನ್ಯವಾಗಿ ಕೊಡುವ ಟರ್ಬಿನಾಫಿನ್ ಔಷಧಕ್ಕೆ ಇದು ಅನೇಕ ವೇಳೆ ಬಗ್ಗುವುದಿಲ್ಲ.

ಅಂಗಡಿಯಲ್ಲಿ ಕೇಳಿ ತಂದ, ಸ್ಟೀರಾಯ್ಡ್ ಬೆರೆತ ಮುಲಾಮುಗಳು ಈ ಸಂಕಟವನ್ನು ಹೆಚ್ಚಿಸಿವೆ. ಸ್ಟೀರಾಯ್ಡ್ ತುರಿಕೆಯನ್ನೂ ಕೆಂಪನ್ನೂ ಬೇಗ ಅಡಗಿಸುತ್ತದೆ. ರೋಗಿಯು ಗುಣವಾಯಿತೆಂದು ಸಂತೋಷಪಡುತ್ತಾನೆ. ಆದರೆ ಅದು ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಅದರೊಡನೆ ಹೋರಾಡುವ ಚರ್ಮದ ಶಕ್ತಿಯನ್ನೇ ಕುಗ್ಗಿಸುತ್ತದೆ. ಬೂದಿ ಮುಚ್ಚಿದ ಕೆಂಡದಂತೆ ರೋಗವು ಒಳಗೊಳಗೇ ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿರುವುದು ಈ ಕಾರಣದಿಂದಲೇ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯನ್ನು ಮೊದಲ ಬಾರಿಗೆ ಹೊರಡಿಸಿತು. ಹಿಂದಿನ 10 ವರ್ಷಗಳಲ್ಲಿ ಅಮೆರಿಕ, ಯೂರೋಪು ಮತ್ತು ಚೀನಾ ದೇಶಗಳ ನಿಯಂತ್ರಣ ಸಂಸ್ಥೆಗಳ ಒಪ್ಪಿಗೆ ಪಡೆದ ಹೊಸ ಶಿಲೀಂಧ್ರನಾಶಕಗಳು ಕೇವಲ 4 ಎಂದು ಅದೇ ಸಂಸ್ಥೆಯು 2025ರಲ್ಲಿ ತಿಳಿಸಿತು. ಸಂಶೋಧಕರು ಸುಮ್ಮನೆ ಕುಳಿತಿಲ್ಲ. 2020ರಲ್ಲಿ ಕಡಲಜೀವಿಯೊಂದರ ಒಡಲಲ್ಲಿದ್ದ ಬ್ಯಾಕ್ಟೀರಿಯದಿಂದ ಟರ್ಬಿನ್‌ಮೈಸಿನ್ ಎಂಬ ವಸ್ತುವೂ, 2025ರಲ್ಲಿ ಸ್ಟ್ರೆಪ್ಟೊಮೈಸಿಸ್ ಕುಲದ ಜೀವಿಯೊಂದರಿಂದಲೇ ಮ್ಯಾಂಡಿಮೈಸಿನ್ ಎಂಬುದೂ ವರದಿಯಾದವು. ಆದರೆ ಪ್ರಯೋಗಶಾಲೆಯಿಂದ ಔಷಧದ ಅಂಗಡಿಗೆ ದಾರಿ ದೀರ್ಘವಾದುದು. ಅಲ್ಲಿಯವರೆಗೆ ಕೈಯಲ್ಲಿರುವ ಕೆಲವೇ ಔಷಧಗಳನ್ನು ಜೋಪಾನ ಮಾಡಿಕೊಳ್ಳಬೇಕಾದುದು ನಮ್ಮ ನಿಮ್ಮೆಲ್ಲರ ಹೊಣೆ.

ಮನೆಯವರು ಮಾಡಬೇಕಾದುದು

ಹುಳುಕಡ್ಡಿ: ವೈದ್ಯರು ಬರೆದುಕೊಟ್ಟ ಮುಲಾಮನ್ನೇ ಹಚ್ಚಬೇಕು. ಕಲೆ ಮಾಯವಾದೊಡನೆ ನಿಲ್ಲಿಸದೆ, ಅವರು ಹೇಳಿದ ದಿನಗಳವರೆಗೆ ಮುಂದುವರಿಸಬೇಕು. ಮನೆಯಲ್ಲಿ ಇನ್ನಾರಿಗಾದರೂ ಇದ್ದರೆ ಎಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಇಲ್ಲವಾದರೆ ಒಬ್ಬರಿಂದ ಒಬ್ಬರಿಗೆ ರೋಗವು ಸುತ್ತುತ್ತಲೇ ಇರುತ್ತದೆ. ಟವಲು, ಒಳ ಉಡುಪು, ಬಾಚಣಿಗೆಗಳನ್ನು ಹಂಚಿಕೊಳ್ಳಬಾರದು. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು.

ಬೆರಳಸಂದಿನ ಹುಣ್ಣು: ಗದ್ದೆಯಿಂದಾಗಲಿ ಮಳೆಯಲ್ಲಿ ಬೆಟ್ಟ ಹತ್ತಿಯಾಗಲಿ ಮನೆಗೆ ಬಂದೊಡನೆ ಕಾಲು ತೊಳೆದು, ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿರಿ. ಒದ್ದೆಯಾದ ಬಟ್ಟೆಯನ್ನು ಮೈಮೇಲೆಯೇ ಒಣಗಿಸಬೇಡಿರಿ.

ಮಕ್ಕಳ ತಲೆಯ ಹುಳುಕಡ್ಡಿ: ಇದಕ್ಕೆ ಮುಲಾಮು ಸಾಲದು, ನುಂಗುವ ಔಷಧ ಬೇಕು. ವೈದ್ಯರು ಕೊಡುವ ಗ್ರೈಸಿಯೊಫಲ್ವಿನ್ ಸಹ 1939ರಲ್ಲಿ ಪೆನಿಸಿಲಿಯಂ ಜಾತಿಯ ಬೂಷ್ಟಿನಿಂದ ದೊರೆತ ಔಷಧವೇ. ಅದು ಹೊಸದಾಗಿ ಬೆಳೆಯುವ ಕೂದಲಲ್ಲಿ ಸೇರಿಕೊಂಡು ಶಿಲೀಂಧ್ರವನ್ನು ತಡೆಯುತ್ತದೆ. ಹಳೆಯ ಕೂದಲು ಹೋಗಿ ಹೊಸದು ಬರುವವರೆಗೆ, ಎಂದರೆ ಹಲವು ವಾರ, ತಪ್ಪದೆ ಕೊಡಬೇಕು.

ಗರ್ಭಿಣಿಯರು ಮತ್ತು ದಂಪತಿಗಳು: ಗ್ರೈಸಿಯೊಫಲ್ವಿನನ್ನು ಗರ್ಭಿಣಿಯರು ಸೇವಿಸಬಾರದು. ಅದು ಗರ್ಭನಿರೋಧಕ ಗುಳಿಗೆಯ ಪರಿಣಾಮವನ್ನು ಕುಗ್ಗಿಸಬಹುದು. ಆದುದರಿಂದ ಮಾಲಾ-ಎನ್ ಮೊದಲಾದ ಗುಳಿಗೆ ನುಂಗುವ ಸೋದರಿಯರು ಆ ಸಂಗತಿಯನ್ನು ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಬೇಕು. ಯೋನಿಯಲ್ಲಿ ಹಚ್ಚುವ ಅಥವಾ ಇಡುವ ಕೆಲವು ಔಷಧಗಳ ಜಿಡ್ಡಿನಿಂದ ನಿರೋಧ್ ದುರ್ಬಲವಾಗಿ ಹರಿಯಬಹುದು. ಆ ದಿನಗಳಲ್ಲಿ ಏನು ಮಾಡಬೇಕೆಂದು ಕೇಳಿ ತಿಳಿಯಿರಿ.

ಬಿಳಿ ಸೆರಗು: ತುರಿಕೆಯೊಡನೆ ಬಿಳಿ ಸೆರಗು ಹೋಗುವುದು ರೋಗವೇ ಹೊರತು ನಾಚಿಕೆಯ ವಿಷಯವಲ್ಲ. ಮೇಲಿಂದ ಮೇಲೆ ಬಂದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಬೇಕು. ದುರ್ವಾಸನೆ, ರಕ್ತ, ಅಥವಾ ಕಿಬ್ಬೊಟ್ಟೆಯ ನೋವು ಇದ್ದರೆ ಅದು ಬೇರೆ ಕಾಯಿಲೆಯಿರಬಹುದು. ತಡಮಾಡದೆ ಪರೀಕ್ಷೆಗೆ ಹೋಗಬೇಕು.

ಹಸುಳೆಯ ಬಾಯಿ: ಬಿಳಿಯ ಪದರವನ್ನು ಬಟ್ಟೆಯಿಂದ ಕೆರೆದು ತೆಗೆಯಬಾರದು. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪವನ್ನು ನೆಕ್ಕಿಸಬಾರದು. ಅದರಲ್ಲಿರಬಹುದಾದ ಬೀಜಕಣಗಳಿಂದ ಪ್ರಾಣಾಪಾಯ ಉಂಟಾಗಬಹುದು. ಎದೆಹಾಲನ್ನು ನಿಲ್ಲಿಸದೆ ಆರೋಗ್ಯ ಕೇಂದ್ರಕ್ಕೆ ಮಗುವನ್ನು ಕರೆದೊಯ್ಯಿರಿ. ತಾಯಿಯ ಮೊಲೆತೊಟ್ಟಿನಲ್ಲಿ ಉರಿ, ನೋವು ಇದ್ದರೆ ಆಕೆಗೂ ಒಟ್ಟಿಗೇ ಚಿಕಿತ್ಸೆಯಾಗಬೇಕು.

ಪ್ರತಿಜೀವಕ ಔಷಧ: ನೆಗಡಿ, ಸಣ್ಣ ಜ್ವರಗಳಿಗೆ ತಾವೇ ಪ್ರತಿಜೀವಕಗಳನ್ನು ಕೊಂಡು ನುಂಗಬಾರದು. ಅವು ಉಪಕಾರಿ ಬ್ಯಾಕ್ಟೀರಿಯಗಳನ್ನು ಕೊಂದು ಶಿಲೀಂಧ್ರಕ್ಕೆ ಬಾಗಿಲು ತೆರೆದುಕೊಡುತ್ತವೆ.

ಎಚ್ಚರಿಕೆ: ಹಸಿ ಮಣ್ಣು ಮದ್ದಲ್ಲ

ಮಣ್ಣಿನಲ್ಲಿ ಮದ್ದಿದೆಯೆಂದು ಓದಿದ ಮಾತ್ರಕ್ಕೆ ಗಾಯಕ್ಕೆ ಮಣ್ಣು ಮೆತ್ತುವುದು ಮಹಾ ಅಪಾಯಕರ. ಮದ್ದು ಕೊಡುವ ಜೀವಿಯಿರುವ ಮಣ್ಣಿನಲ್ಲಿಯೇ ಧನುರ್ವಾಯುವಿನ ಬೀಜಕಣಗಳೂ ಇರಬಹುದು. ಗಾಯಕ್ಕಾಗಲಿ, ಬಾಣಂತಿಯ ಮನೆಯಲ್ಲಿ ಮಗುವಿನ ಹೊಕ್ಕಳಿಗಾಗಲಿ, ಮಣ್ಣು, ಸಗಣಿ, ಬೂದಿ ಯಾವುದನ್ನೂ ಹಚ್ಚಬಾರದು. ಬರಿಗಾಲಿಗೆ ಮುಳ್ಳು ಚುಚ್ಚಿದಾಗ ಮಣ್ಣಿನ ಕೆಲವು ಶಿಲೀಂಧ್ರಗಳೂ, ಸ್ಟ್ರೆಪ್ಟೊಮೈಸಿಸ್‌ನ ದಾಯಾದಿಗಳಾದ ಕೆಲವು ಬ್ಯಾಕ್ಟೀರಿಯಗಳೂ ಒಳಹೊಕ್ಕು ಮದುರಾ ಪಾದವೆಂಬ ರೋಗವನ್ನು ತರಬಲ್ಲವು. ಅದರಲ್ಲಿ ಪಾದವು ನೋವಿಲ್ಲದೆ ಊದಿಕೊಂಡು, ಅಲ್ಲಲ್ಲಿ ರಂಧ್ರಗಳಾಗಿ ಸಣ್ಣ ಕಾಳುಗಳಂತಹ ಕಣಗಳು ಹೊರಬರುತ್ತವೆ. ಹರಕೆಗಾಗಿ ಬರಿಗಾಲಿನಲ್ಲಿ ನಡೆದವರು ಮನೆಗೆ ಬಂದ ಮೇಲೆ ಪಾದಗಳನ್ನು ಸೋಪಿನಿಂದ ತೊಳೆದು ನೋಡಿಕೊಳ್ಳಬೇಕು. ಮುಳ್ಳು ಚುಚ್ಚಿದ್ದರೆ ಶುದ್ಧಮಾಡಿ, ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು.

ನೆನಪಿಡಬೇಕಾದ ಅಂಶಗಳು

1. ಶಿಲೀಂಧ್ರದ ಜೀವಕೋಶವು ನಮ್ಮ ಜೀವಕೋಶವನ್ನು ಹೋಲುವುದರಿಂದ ಅದಕ್ಕೆ ಔಷಧಗಳು ವಿರಳ.

2. ನಿಸ್ಟಾಟಿನ್, ಆಂಫೊಟೆರಿಸಿನ್-ಬಿ, ಹಾಮೈಸಿನ್, ಈ ಮೂರೂ ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಜೀವಿಗಳ ಕೊಡುಗೆ.

3. ಒಂದು ಔಷಧದ ಶೋಧನೆಗೆ ವರ್ಷಗಳು ಬೇಕು. ಅದನ್ನು ನಿಷ್ಪ್ರಯೋಜಕ ಮಾಡಲು ನಮ್ಮ ಅರ್ಧಂಬರ್ಧ ಚಿಕಿತ್ಸೆ ಸಾಕು.

4. ಸ್ಟೀರಾಯ್ಡ್ ಬೆರೆತ ಮುಲಾಮು ಹುಳುಕಡ್ಡಿಯನ್ನು ಮರೆಮಾಚುತ್ತದೆ, ಗುಣಪಡಿಸುವುದಿಲ್ಲ.

5. ಸಂದೇಹವಿದ್ದಾಗ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿರಿ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಮೊದಲ ಮಳೆಯ ಮಣ್ಣಿನ ಕಂಪಿಗೂ ನಿಸ್ಟಾಟಿನ್ ಔಷಧಕ್ಕೂ ಇರುವ ಸಂಬಂಧವೇನು?

2. ಮಣ್ಣಿನ ಜೀವಿಯೊಂದು ಶಿಲೀಂಧ್ರವನ್ನು ತಡೆಯುತ್ತದೆಯೆಂದು ಸಂಶೋಧಕರು ಹೇಗೆ ಅರಿಯುತ್ತಾರೆ?

3. ನಿಮ್ಮ ಮನೆಯಲ್ಲಿ ಈಗ ಇರುವ ಚರ್ಮದ ಮುಲಾಮುಗಳನ್ನು ತೆಗೆದು ನೋಡಿರಿ. ಅವುಗಳಲ್ಲಿ ವೈದ್ಯರು ಬರೆದುಕೊಟ್ಟವು ಎಷ್ಟು, ಅಂಗಡಿಯಲ್ಲಿ ಕೇಳಿ ತಂದವು ಎಷ್ಟು? ಮುಂದಿನ ಬಾರಿ ಆರೋಗ್ಯ ಕೇಂದ್ರಕ್ಕೆ ಹೋಗುವಾಗ ಅವನ್ನು ಕೊಂಡೊಯ್ದು ತೋರಿಸಿರಿ.